ಜರ್ಮನಿಯಲ್ಲಿ ಮಾಸ್ಟರ್ಸ್ ಮುಗೀತಾ ಬಂತು. ಮುಂದೆ ಯಾವ ವೀಸಾ, ಪಿಆರ್ ಯಾವಾಗ?

ಕೇಳಿದ್ದು

ನಮಸ್ಕಾರ. ಜರ್ಮನಿಯಲ್ಲಿ ಮೆಕ್ಯಾನಿಕಲ್ ಮಾಸ್ಟರ್ಸ್ ಕೊನೆಯ ಹಂತದಲ್ಲಿದೆ. ಥೀಸಿಸ್ ಒಪ್ಪಿಸಲು ಮೂರು ತಿಂಗಳಿದೆ. ಅದಾಗಿ ಸ್ವಲ್ಪ ದಿನಕ್ಕೇ ಸ್ಟೂಡೆಂಟ್ ಪರ್ಮಿಟ್ ಮುಗಿಯುತ್ತದೆ. ಕೆಲಸ ಇನ್ನೂ ಸಿಕ್ಕಿಲ್ಲ. ಓದು ಮುಗಿದವರಿಗೆ ಕೆಲಸ ಹುಡುಕಲು ಕೊಡುವ 18 ತಿಂಗಳ ವೀಸಾಗೆ ಹಾಕೋದಾ, ಆಫರ್ ಬರೋವರೆಗೆ ಕಾಯೋದಾ? ಪಿಆರ್‌ಗೆ (ಕಾಯಂ ವಾಸದ ಅನುಮತಿ) ಎಷ್ಟು ಸಮಯ ಅಂತ ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಈ ದಾರಿ ದಾಟಿದವರು ದಯವಿಟ್ಟು ತಿಳಿಸಿ.

ಗಾಡಿ ಬಿಡಿಭಾಗಗಳ ಟೆಸ್ಟಿಂಗ್‌ನಲ್ಲಿರುವವರು

ಕಾಯಬೇಡಿ. ಪರ್ಮಿಟ್ ಮುಗಿಯುವ ಮೊದಲೇ ಅರ್ಜಿ ಹಾಕಿ. ಟರ್ಮಿನ್ (ಕಚೇರಿಯ ಭೇಟಿ ಸಮಯ) ಆಮೇಲೆ ಸಿಕ್ಕರೂ ಚಿಂತೆಯಿಲ್ಲ. ಅರ್ಜಿ ಸಮಯಕ್ಕೆ ಸರಿಯಾಗಿ ಹೋಗಿದ್ದರೆ, ತೀರ್ಮಾನ ಆಗುವವರೆಗೆ ನಿಮ್ಮ ಹಳೆಯ ಪರ್ಮಿಟ್ ಮುಂದುವರಿದಂತೆ ಲೆಕ್ಕ. ಒಂದು ದಿನ ತಡವಾದರೂ ಆ ರಕ್ಷಣೆ ಗ್ಯಾರಂಟಿ ಇಲ್ಲ. ಆನ್‌ಲೈನ್‌ನಲ್ಲಿ ಹಾಕಿದರೆ ಬರುವ ದೃಢೀಕರಣದ ಇಮೇಲ್ ಅನ್ನು ತಾರೀಖು ಕಾಣುವಂತೆ ಪ್ರಿಂಟ್ ತೆಗೆದಿಡಿ. ನನ್ನ ವಿಷಯದಲ್ಲಿ ಪರ್ಮಿಟ್ ಕೊಡುವ ವಿದೇಶಿಯರ ಕಚೇರಿಯವರು ಅರ್ಜಿಯೇ ಬಂದಿಲ್ಲ ಅಂದಾಗ ಕೆಲಸಕ್ಕೆ ಬಂದಿದ್ದು ಆ ಒಂದು ಹಾಳೆ.

ಡಿಗ್ರಿ ಸರ್ಟಿಫಿಕೇಟ್ ಕೈಗೆ ಬರಲು ತಿಂಗಳುಗಟ್ಟಲೆ ಆಗಬಹುದು. ಅದಕ್ಕೆ ಕಾಯುವ ಅಗತ್ಯವಿಲ್ಲ. ಎಲ್ಲ ಪಾಸಾಗಿದೆ ಅಂತ ಯೂನಿವರ್ಸಿಟಿಯ ಪರೀಕ್ಷಾ ವಿಭಾಗದಿಂದ ಒಂದು ಪತ್ರ ಕೇಳಿ, ಸಾಮಾನ್ಯವಾಗಿ ಅದು ನಡೆಯುತ್ತದೆ. ಖರ್ಚಿಗೆ ದುಡ್ಡಿದೆ ಅನ್ನುವ ದಾಖಲೆ ಮತ್ತು ಹೆಲ್ತ್ ಇನ್ಶೂರೆನ್ಸ್ ಜೊತೆಗಿರಲಿ. ಫೋಟೋ ಕಾಗದದ್ದು ಬೇಡ. 2025ರ ಮೇ ತಿಂಗಳಿಂದ ಡಿಜಿಟಲ್ ಫೋಟೋ ಮಾತ್ರ. ಡಿಎಂ ಅನ್ನೋ ದಿನಬಳಕೆ ಸಾಮಾನಿನ ಅಂಗಡಿಯಲ್ಲಿ ತೆಗೆಸಿದರೆ ಕೋಡ್ ಇರುವ ಒಂದು ಚೀಟಿ ಕೊಡುತ್ತಾರೆ. ಕೌಂಟರ್‌ನಲ್ಲಿ ಅದನ್ನು ಸ್ಕ್ಯಾನ್ ಮಾಡಿದರೆ ನಿಮ್ಮ ಮುಖ ಅವರ ಪರದೆ ಮೇಲೆ ಬರುತ್ತದೆ.

ಈಗ ಮುಖ್ಯ ವಿಷಯ. ಜನ ಎಡವೋದು ಇಲ್ಲೇ. 18 ತಿಂಗಳ ಪರ್ಮಿಟ್‌ನಲ್ಲಿ ಯಾವ ಕೆಲಸ ಬೇಕಾದರೂ ಮಾಡಬಹುದು. ಗೋದಾಮು, ಹೋಟೆಲ್, ಇಂಜಿನಿಯರಿಂಗ್, ಯಾವುದಾದರೂ ಸರಿ. ಇದೇ ಸುಖ ಅಂತ ಒಳ್ಳೆ ಕೆಲಸ ಸಿಕ್ಕ ಮೇಲೂ ಕೆಲವರು ಅದೇ ಕಾರ್ಡ್‌ನಲ್ಲಿ ಕೂತುಬಿಡುತ್ತಾರೆ. ಆದರೆ ಇಲ್ಲಿಯ ಯೂನಿವರ್ಸಿಟಿಯಲ್ಲಿ ಓದಿದವರಿಗೆ ಎರಡು ವರ್ಷಕ್ಕೆ ಪಿಆರ್ ಅನ್ನುತ್ತಾರಲ್ಲ, ಆ ಎರಡು ವರ್ಷ ನುರಿತ ಕೆಲಸಗಾರರ ಪರ್ಮಿಟ್ ಅಥವಾ ಬ್ಲೂ ಕಾರ್ಡ್ (ಡಿಗ್ರಿ ಓದಿ ಒಳ್ಳೆ ಸಂಬಳದ ಕೆಲಸ ಸಿಕ್ಕವರಿಗೆ ಕೊಡುವ ಪರ್ಮಿಟ್) ಮೇಲೆ ಕಳೆದಿರಬೇಕು. ಕೆಲಸ ಹುಡುಕುವ ಪರ್ಮಿಟ್‌ನಲ್ಲಿ ಪೂರ್ತಿ ಸಂಬಳ ತೊಗೊಂಡು ದುಡಿದರೂ ಆ ತಿಂಗಳುಗಳು ಅದಕ್ಕೆ ಸೇರಲ್ಲ. ಹಾಗಾಗಿ ಕಾಂಟ್ರಾಕ್ಟ್‌ಗೆ ಸಹಿ ಬಿದ್ದ ವಾರವೇ ಕಾರ್ಡ್ ಬದಲಿಸಲು ಅರ್ಜಿ ಹಾಕಿ. 18 ತಿಂಗಳಲ್ಲಿ ಇನ್ನೂ ಬೇಕಾದಷ್ಟು ಬಾಕಿ ಇದೆ, ನಿಧಾನಕ್ಕೆ ಮಾಡಿದರಾಯ್ತು ಅನ್ನೋದು ಸುಮ್ನೆ ಕಾಲಹರಣ. ಅಂದ ಹಾಗೆ ಈ 18 ತಿಂಗಳನ್ನು ಮುಂದಕ್ಕೆ ವಿಸ್ತರಿಸಿ ಕೊಡುವುದಿಲ್ಲ.

ಸಾಫ್ಟ್‌ವೇರ್‌ನಲ್ಲಿರುವವರು

ಮೇಲಿನವರ ಮಾತು ನಿಜ. ಬ್ಲೂ ಕಾರ್ಡ್ ಬಗ್ಗೆ ನಾನು ಹೇಳುತ್ತೇನೆ.

ಇದಕ್ಕೆ ಸಂಬಳದ ಮಿತಿ ಇದೆ, ಪ್ರತಿ ಜನವರಿಗೆ ಬದಲಾಗುತ್ತದೆ. 2025ರಲ್ಲಿ ವರ್ಷಕ್ಕೆ 48,300 ಯೂರೊ ಇತ್ತು, 2026ಕ್ಕೆ 50,700. ಡಿಗ್ರಿ ಮುಗಿದು ಮೂರು ವರ್ಷ ದಾಟದವರಿಗೆ ಕಡಿಮೆ ಮಿತಿ: 2025ರಲ್ಲಿ 43,759.80, 2026ರಲ್ಲಿ 45,934.20. ಜನ ಬೇಕಾಗಿರುವ ವೃತ್ತಿಗಳಿಗೂ ಇದೇ. ಇಂಜಿನಿಯರಿಂಗ್, ಐಟಿ ಎರಡೂ ಆ ಪಟ್ಟಿಯಲ್ಲಿವೆ. ಈ ಕಡಿಮೆ ಮಿತಿಯಲ್ಲಿ ಹೋದರೆ ಉದ್ಯೋಗ ಇಲಾಖೆಯ ಒಪ್ಪಿಗೆ ಬೇಕು. ಅದನ್ನು ವಿದೇಶಿಯರ ಕಚೇರಿಯವರೇ ಒಳಗಿಂದೊಳಗೆ ಕೇಳಿಕೊಳ್ಳುತ್ತಾರೆ, ನೀವು ಓಡಾಡಬೇಕಿಲ್ಲ.

ನನ್ನ ಗೆಳೆಯನಿಗೆ 2025ರಲ್ಲಿ ಬಂದ ಆಫರ್ 42,000, ಜೊತೆಗೆ ಬೋನಸ್. ಬೋನಸ್ ಸೇರಿಸಿದರೆ ಮಿತಿ ದಾಟುತ್ತಿತ್ತು. ಆದರೆ ಕಾಂಟ್ರಾಕ್ಟ್‌ನಲ್ಲಿ ಬರೆದಿದ್ದು "ಕಂಪನಿಯ ಫಲಿತಾಂಶ ನೋಡಿಕೊಂಡು" ಅಂತ. ಅಂಥ ಬೋನಸ್ ಲೆಕ್ಕಕ್ಕಿಲ್ಲ, ಖಚಿತವಾಗಿ ಕೊಡುವ ಮೊತ್ತ ಮಾತ್ರ ನಡೆಯುತ್ತದೆ. ಅವನು ಎಚ್‌ಆರ್‌ಗೆ ನೇರವಾಗಿ ಬರೆದ: ಒಟ್ಟು ಮೊತ್ತ ಅದೇ ಇರಲಿ, ಬೋನಸ್‌ನ ಒಂದು ಭಾಗವನ್ನು ಮೂಲ ಸಂಬಳಕ್ಕೆ ಸೇರಿಸಿ, 44,000 ಮಾಡಿ ಅಂತ. ಎರಡೇ ದಿನಕ್ಕೆ ಹೊಸ ಕಾಂಟ್ರಾಕ್ಟ್ ಬಂತು. ಕಂಪನಿಗೆ ಹೆಚ್ಚಿಗೆ ಹೋಗುವುದು ಏನೂ ಇಲ್ಲ ಅಲ್ವಾ. ಕೇಳಲು ಮುಜುಗರ ಬೇಡ.

ಡಿಸೆಂಬರ್‌ನಲ್ಲಿ ಸಹಿ ಹಾಕಿ ಜನವರಿಯಲ್ಲಿ ಅರ್ಜಿ ಹಾಕುವವರು ಹುಷಾರು, ಅಷ್ಟರಲ್ಲಿ ಮಿತಿ ಏರಿರುತ್ತದೆ. ಇನ್ನೊಂದು, ಬ್ಲೂ ಕಾರ್ಡ್ ಸಿಕ್ಕ ಮೊದಲ 12 ತಿಂಗಳೊಳಗೆ ಕಂಪನಿ ಬದಲಿಸಿದರೆ ಕಚೇರಿಗೆ ತಿಳಿಸಬೇಕು.

ಪಿಆರ್ ಆದವರು

ಬ್ಲೂ ಕಾರ್ಡ್ ಸಿಗದಿದ್ದರೆ ಎಲ್ಲ ಮುಗೀತು ಅನ್ನೋ ಹಾಗೆ ಹುಡುಗರು ಮಾತಾಡುತ್ತಾರೆ. ಲೆಕ್ಕ ನೋಡಿ. ಬ್ಲೂ ಕಾರ್ಡ್‌ನಲ್ಲಿ ಬಿ1 (ಮಧ್ಯಮ ಮಟ್ಟದ) ಜರ್ಮನ್ ಇದ್ದರೆ 21 ತಿಂಗಳಿಗೆ ಪಿಆರ್, ಎ1 (ಆರಂಭದ ಮಟ್ಟ) ಮಾತ್ರ ಇದ್ದರೆ 27. ಇಲ್ಲಿ ಓದಿ ಸಾಮಾನ್ಯ ನುರಿತ ಕೆಲಸದ ಪರ್ಮಿಟ್‌ನಲ್ಲಿರುವವರಿಗೆ ಬಿ1 ಜೊತೆ 24 ತಿಂಗಳು, ಅಷ್ಟೇ ತಿಂಗಳ ಪೆನ್ಷನ್ ಕಂತು. ಬಿ1 ಇದ್ದರೆ ವ್ಯತ್ಯಾಸ ಬರೀ ಮೂರು ತಿಂಗಳು! ಅದಕ್ಕೋಸ್ಕರ ಇಷ್ಟವಾದ ಕೆಲಸ ಬಿಟ್ಟು, ಸಂಬಳ ಜಾಸ್ತಿ ಅಂತ ಬೇಡದ ಕೆಲಸಕ್ಕೆ ಸೇರುವುದು ನನಗೆ ಸರಿ ಕಾಣಲ್ಲ. ಕೆಲಸ ಮಾತ್ರ ಡಿಗ್ರಿ ಬೇಕಾಗುವಂಥದ್ದಾಗಿರಲಿ.

ಬ್ಲೂ ಕಾರ್ಡ್‌ಗೆ ಬೇರೆ ಅನುಕೂಲಗಳಿವೆ. ನನ್ನ ಹೆಂಡತಿ ಬರುವ ಮೊದಲು ಜರ್ಮನ್ ಪರೀಕ್ಷೆ ಬರೆಯಬೇಕಾಗಲಿಲ್ಲ, ಬಂದ ಕೂಡಲೇ ಕೆಲಸ ಮಾಡಲು ಅನುಮತಿ ಸಿಕ್ಕಿತು. ಅಪ್ಪ ಅಮ್ಮನಿಗೆ ಹುಷಾರಿಲ್ಲ ಅಂತ ಭಾರತದಲ್ಲಿ ತುಂಬ ದಿನ ಉಳಿಯಬೇಕಾದರೂ ಬ್ಲೂ ಕಾರ್ಡ್ ವಾಸಿ. 12 ತಿಂಗಳವರೆಗೆ ಹೊರಗಿದ್ದರೂ ಅದು ಉಳಿಯುತ್ತದೆ. ಮಾಮೂಲಿ ಪಿಆರ್ ಆದರೆ, ಕಚೇರಿಗೆ ಮೊದಲೇ ಹೇಳಿ ಒಪ್ಪಿಗೆ ಪಡೆಯದೆ 6 ತಿಂಗಳಿಗಿಂತ ಹೆಚ್ಚು ಹೊರಗಿದ್ದರೆ ರದ್ದು. ಪಿಆರ್ ಗಟ್ಟಿ, ಬ್ಲೂ ಕಾರ್ಡ್ ಮೆತ್ತಗೆ ಅಂದುಕೊಂಡವರಿಗೆ ಇದು ವಿಚಿತ್ರ ಅನಿಸುತ್ತದೆ, ಆದರೆ ಕಾನೂನು ಇರೋದೇ ಹಾಗೆ.

ಪಿಆರ್‌ಗೆ ಇಲ್ಲಿಯ ಕಾನೂನು, ಸಮಾಜದ ಬಗ್ಗೆ ತಿಳಿವಳಿಕೆ ಇದೆ ಅಂತಲೂ ತೋರಿಸಬೇಕು. ಅದಕ್ಕೆ 33 ಪ್ರಶ್ನೆಗಳ ಟೆಸ್ಟ್ ಇದೆ. ಪ್ರಶ್ನೆಗಳೆಲ್ಲ ಮೊದಲೇ ಪ್ರಕಟವಾಗಿವೆ, ಕಷ್ಟವಿಲ್ಲ. ಜರ್ಮನ್ ಮಾತ್ರ ಕೊನೆ ಗಳಿಗೆಗೆ ಬಿಡಬೇಡಿ. ಕೆಲಸ ಶುರುವಾದ ಮೇಲೆ ಸಂಜೆ ಕ್ಲಾಸ್‌ಗೆ ಹೋಗೋ ಚೈತನ್ಯ ಯಾರಿಗೂ ಉಳಿದಿರಲ್ಲ. ಯೂನಿವರ್ಸಿಟಿಯಲ್ಲಿ ಅಗ್ಗಕ್ಕೋ ಪುಕ್ಕಟೆಯೋ ಕಲಿಸುವಾಗಲೇ ಬಿ1 ಮುಗಿಸಿ. ಮೆಕ್ಯಾನಿಕಲ್‌ನವರಿಗೆ ಕೆಲಸ ಸಿಗೋದಕ್ಕೂ ಅದು ಬೇಕೇ ಬೇಕು. ಸಾಫ್ಟ್‌ವೇರ್‌ನವರ ಹಾಗೆ ಇಂಗ್ಲಿಷ್‌ನಲ್ಲೇ ದಿನ ದೂಡೋಕಾಗಲ್ಲ.

ಕೇಳಿದವರು

ತುಂಬ ಥ್ಯಾಂಕ್ಸ್. ನಾನೀಗ ವೆರ್ಕ್‌ಸ್ಟುಡೆಂಟ್ (ಓದಿನ ಜೊತೆ ಪಾರ್ಟ್‌ಟೈಮ್ ದುಡಿಯುವ ವಿದ್ಯಾರ್ಥಿ) ಆಗಿ ಕೆಲಸ ಮಾಡುತ್ತಿದ್ದೇನೆ. ಥೀಸಿಸ್ ಆದ ಮೇಲೂ ಅದು ಮುಂದುವರಿಯುತ್ತದಾ? ಮತ್ತೆ ಪೌರತ್ವಕ್ಕೆ ಓದಿದ ವರ್ಷ ಲೆಕ್ಕ ಇದೆಯಾ?

ಗಾಡಿ ಬಿಡಿಭಾಗಗಳ ಟೆಸ್ಟಿಂಗ್‌ನಲ್ಲಿರುವವರು

ಥೀಸಿಸ್ ಒಪ್ಪಿಸಿದ ಕೂಡಲೇ ನಿಲ್ಲಲ್ಲ. ಅಂತಿಮ ಫಲಿತಾಂಶ ನಿಮಗೆ ಲಿಖಿತವಾಗಿ ತಿಳಿಸಿದ ತಿಂಗಳ ಕೊನೆಯವರೆಗೆ ವೆರ್ಕ್‌ಸ್ಟುಡೆಂಟ್ ಲೆಕ್ಕ ನಡೆಯುತ್ತದೆ. ಅಲ್ಲಿಯವರೆಗೆ ಅಡ್ಮಿಷನ್ ಇಟ್ಟುಕೊಂಡಿರಬೇಕು ಅಷ್ಟೇ. ಹೆಸರು ತೆಗೆಸಿದ ಮೇಲೆ ಸ್ಟೂಡೆಂಟ್ ದರದ ಇನ್ಶೂರೆನ್ಸ್ ಇಲ್ಲ. ಸರ್ಕಾರಿ ಇನ್ಶೂರೆನ್ಸ್‌ನಲ್ಲಿ ಸ್ವಂತ ದುಡ್ಡಲ್ಲಿ ಮುಂದುವರಿದರೆ ತಿಂಗಳಿಗೆ 200 ಯೂರೊ ದಾಟುತ್ತದೆ. ಕೆಲಸ ಹುಡುಕುವ ದಿನಗಳಲ್ಲಿ ಇದು ಜೇಬಿಗೆ ಚೆನ್ನಾಗೇ ಕಚ್ಚುತ್ತದೆ, ಈಗಲೇ ಒಂದಿಷ್ಟು ಎತ್ತಿಡಿ.

ಪಿಆರ್ ಆದವರು

ಪೌರತ್ವಕ್ಕೆ ಓದಿದ ವರ್ಷಗಳೂ ಸೇರುತ್ತವೆ. 2024ರ ಜೂನ್‌ನಿಂದ ಐದು ವರ್ಷ ಸಾಕು. ಮೂರೇ ವರ್ಷಕ್ಕೆ ಕೊಡುತ್ತಿದ್ದ ವಿಶೇಷ ದಾರಿಯನ್ನು 2025ರ ಅಕ್ಟೋಬರ್‌ನಲ್ಲಿ ತೆಗೆದುಹಾಕಿದರು. ಹಳೆಯ ವಿಡಿಯೋ ನೋಡಿ ಅದನ್ನೇ ನಂಬಿಕೊಂಡು ಕೂರಬೇಡಿ. ಅರ್ಜಿ ಹಾಕುವ ಹೊತ್ತಿಗೆ ಸ್ಟೂಡೆಂಟ್ ಪರ್ಮಿಟ್‌ನಲ್ಲೋ ಕೆಲಸ ಹುಡುಕುವ ಪರ್ಮಿಟ್‌ನಲ್ಲೋ ಇದ್ದರೆ ಆಗಲ್ಲ. ಜರ್ಮನಿಯವರು ಎರಡು ಪೌರತ್ವ ಒಪ್ಪುತ್ತಾರೆ, ಭಾರತ ಒಪ್ಪಲ್ಲ. ನಮ್ಮ ಪಾಸ್‌ಪೋರ್ಟ್ ಹಿಂತಿರುಗಿಸಿ ಒಸಿಐ ಕಾರ್ಡ್ (ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಕಾರ್ಡ್) ಮಾಡಿಸಬೇಕು. ನಾನು ಪೌರತ್ವದ ಅರ್ಜಿ ಇನ್ನೂ ಹಾಕಿಲ್ಲ. ಮನೆಯಲ್ಲಿ ಅದರದ್ದೇ ಚರ್ಚೆ ನಡೀತಿದೆ.