ಪದಚರ್ಚೆ: ಮನೆಯ ಒಳಚರಂಡಿ ಕೊಳವೆ ದುರಸ್ತಿಯ ವಿಧಾನಗಳಿಗೆ ಪದ ಬೇಕು (ತುರ್ತು)

ಬೆಂಗಳೂರಿನ ಅನುವಾದಕಿ:

ಬಳಗದ ಎಲ್ಲರಿಗೂ ನಮಸ್ಕಾರ.

ನಮ್ಮ ಬಡಾವಣೆಯ ನಿವಾಸಿಗಳ ಸಂಘಕ್ಕಾಗಿ ಒಂದು ಕರಪತ್ರವನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಮಧ್ಯಾಹ್ನದೊಳಗೆ ಅದು ಮುದ್ರಣಾಲಯ ಸೇರಬೇಕು. ಮನೆಯಿಂದ ಬೀದಿಯ ಆಳುಗುಂಡಿಯವರೆಗೆ (ಮ್ಯಾನ್‌ಹೋಲ್) ಹೋಗುವ ಕೊಳವೆ ಹಾಳಾದರೆ ಅದನ್ನು ಹೇಗೆಲ್ಲ ಸರಿಪಡಿಸಬಹುದು ಎಂಬುದು ವಿಷಯ. ನಮ್ಮದು ಹಳೆಯ ಬಡಾವಣೆ. ಹೆಚ್ಚಿನ ಮನೆಗಳಲ್ಲಿ ಇನ್ನೂ ಕಂದು ಬಣ್ಣದ, ಮೆರುಗು ಕೊಟ್ಟ ಸ್ಟೋನ್‌ವೇರ್ ಕೊಳವೆಗಳೇ ಇವೆ. ಕೀಲುಗಳ ಸಿಮೆಂಟ್ ಉದುರಿಹೋಗಿದೆ, ಸಾಲುಮರಗಳ ಬೇರು ಒಳಗೆ ನುಗ್ಗಿದೆ, ಜೋರು ಮಳೆ ಬಂದರೆ ಬಚ್ಚಲಿನಲ್ಲಿ ನೀರು ಮೇಲಕ್ಕೆ ಬರುತ್ತದೆ.

ಮೂಲದಲ್ಲಿ ಮೂರು ವಿಧಾನಗಳಿವೆ: ಓಪನ್ ಕಟ್, ಪೈಪ್ ಲೈನಿಂಗ್, ಪೈಪ್ ಬರ್ಸ್ಟಿಂಗ್. ಕೊನೆಯ ಎರಡನ್ನು ಒಟ್ಟಿಗೆ ಟ್ರೆಂಚ್‌ಲೆಸ್ ಎಂದಿದ್ದಾರೆ. ನನ್ನ ಕರಡಿನಲ್ಲಿ ಕ್ರಮವಾಗಿ ‘ಅಗೆತದ ವಿಧಾನ’, ‘ಕೊಳವೆಗೆ ಒಳಪದರ’, ‘ಕೊಳವೆ ಸಿಡಿತ’ ಎಂದು ಬರೆದು, ಟ್ರೆಂಚ್‌ಲೆಸ್‌ಗೆ ‘ಅಗೆತರಹಿತ ದುರಸ್ತಿ’ ಎಂದು ಹಾಕಿದ್ದೇನೆ. ‘ಕೊಳವೆ ಸಿಡಿತ’ ಎಂದರೆ ಅಪಘಾತದ ಸುದ್ದಿಯ ಹಾಗೆ ಕೇಳಿಸುತ್ತದೆ. ಇದನ್ನು ಓದುವವರಲ್ಲಿ ವಯಸ್ಸಾದವರು ಹೆಚ್ಚು. ಗುತ್ತಿಗೆದಾರ ಮನೆಗೆ ಬಂದು ದರ ಹೇಳುವಾಗ ತಮ್ಮ ಕೊಳವೆಗೆ ಏನಾಗಲಿದೆ ಎಂಬುದು ಅವರಿಗೆ ತಿಳಿದಿರಬೇಕು. ಇಂದು ರಾತ್ರಿಯೊಳಗೆ ಸಲಹೆ ಕೊಟ್ಟರೆ ಉಪಕಾರವಾಗುತ್ತದೆ.

ಶಿವಮೊಗ್ಗದ ನಿವೃತ್ತ ಅಧ್ಯಾಪಕರು:

‘ಅಗೆತರಹಿತ’ ಅರಿಸಮಾಸ, ಕನ್ನಡದ ಪದಕ್ಕೆ ಸಂಸ್ಕೃತದ್ದನ್ನು ಅಂಟಿಸಿದ ಸಮಾಸ. ಕೈಬಿಡಿ.

ನಿಷೇಧಾರ್ಥಕ ಕೃದಂತದಂತಹ ಸೊಗಸಾದ ರೂಪ ನಮ್ಮಲ್ಲೇ ಇರುವಾಗ ‘ರಹಿತ’ವನ್ನು ಎರವಲು ತರುವ ದಾರಿದ್ರ್ಯ ಯಾಕೆ? ಮುಗಿಯದ, ಅಳಿಯದ ಎಂದಂತೆ ‘ಅಗೆಯದ’. ‘ವಿಧಾನ’ ಸಂಸ್ಕೃತ, ‘ದುರಸ್ತಿ’ ಪಾರಸಿ. ‘ಅಗೆಯದ ಬಗೆ’ ಎಂದರೆ ಎರಡೇ ಪದಗಳಲ್ಲಿ ಮುಗಿಯಿತು. ಬರ್ಸ್ಟಿಂಗ್‌ಗೆ ‘ಒಡೆಯೆಳೆತ’ ಎನ್ನಿ. ಲೈನಿಂಗ್‌ಗಂತೂ ಹೊಸ ಪದವೇ ಬೇಡ, ಅಚ್ಚಗನ್ನಡದ ಮನೆಮಾತು ‘ಕಲಾಯಿ’ ಇದೆ. ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕಿಸಿದವರ ಮಕ್ಕಳೇ ಅಲ್ಲವೇ ನಾವೆಲ್ಲ? ‘ಒಳಕಲಾಯಿ’ ಎಂದರೆ ವಯಸ್ಸಾದವರಿಗೆ ತಕ್ಷಣ ಅರ್ಥವಾಗುತ್ತದೆ.

ಧಾರವಾಡದಿಂದ ಒಬ್ಬ ಪತ್ರಕರ್ತ:

ಗುರುಗಳೇ, ಕಲಾಯಿ ಅಚ್ಚಗನ್ನಡವಲ್ಲ. ಅರಬ್ಬಿಯಲ್ಲಿ ತವರಕ್ಕೆ ಇರುವ ‘ಕಲಈ’ ಎಂಬ ಪದ ಪಾರಸಿ, ಉರ್ದು ದಾಟಿ ನಮ್ಮ ಅಡುಗೆಮನೆಗೆ ಬಂದಿದೆ. ದುರಸ್ತಿಯನ್ನು ಪಾರಸಿಯೆಂದು ಹೊರಗಟ್ಟಿ ಅದೇ ಬಾಗಿಲಿನಲ್ಲಿ ಕಲಾಯಿಯನ್ನು ಒಳಗೆ ಕರೆದಿದ್ದೀರಿ.

ಅರಿಸಮಾಸದ ಭಯವನ್ನೂ ಬಿಡೋಣ. ‘ಜಿಲ್ಲಾಡಳಿತ’ ಎಂದು ನಾವು ದಿನವೂ ಅಚ್ಚು ಹಾಕುತ್ತೇವೆ. ಅರಬ್ಬಿ ಮೂಲದ ಜಿಲ್ಲೆಗೆ ಕನ್ನಡದ ಆಡಳಿತವನ್ನು ಸಂಸ್ಕೃತದ ದೀರ್ಘಸಂಧಿಯಲ್ಲಿ ಅಂಟಿಸಿದ್ದೇವೆ. ಓದುಗರಾರೂ ತಡವರಿಸುವುದಿಲ್ಲ. ‘ನಗರಾಡಳಿತ’, ‘ದಿನಗೂಲಿ’ ಕೂಡ ಹಾಗೆಯೇ. ಹಳಗನ್ನಡದ ವ್ಯಾಕರಣ ಬರೆದ ಕೇಶಿರಾಜನೂ ಪೂರ್ವಕವಿಗಳ ಬಳಕೆಗೆ ವಿನಾಯಿತಿ ಕೊಟ್ಟವನೇ.

ನನ್ನ ಸಲಹೆ ‘ಅಸ್ತರ’. ಕೋಟಿನ ಒಳಬಟ್ಟೆಗೆ ನಮ್ಮ ಕಡೆಯ ದರ್ಜಿಗಳು ಇಂದಿಗೂ ಬಳಸುವ ಮಾತು. ಇದೂ ಪಾರಸಿಯದೇ, ಮುಚ್ಚಿಡುವುದಿಲ್ಲ. ಇನ್ನು ‘ಒಳಚರಂಡಿ’ ಬೆಂಗಳೂರಿನ ಕಡತದ ಪದ. ಹುಬ್ಬಳ್ಳಿ, ಬೆಳಗಾವಿಯಲ್ಲಿ ಯಾರನ್ನು ಕೇಳಿದರೂ ‘ಗಟಾರ’ ಎನ್ನುತ್ತಾರೆ. ಆ ಪದಕ್ಕೂ ಕರಪತ್ರದಲ್ಲಿ ಒಂದು ಜಾಗ ಸಿಗಲಿ.

ಮೈಸೂರಿನ ನಿವೃತ್ತ ಎಂಜಿನಿಯರ್:

ಮೇಡಂ, ಪದಕ್ಕೆ ಮೊದಲು ಕೆಲಸ ಏನೆಂದು ನೋಡಬೇಕು. ಇಲ್ಲಿಯವರೆಗೆ ಬಂದ ಎರಡು ಉತ್ತರಗಳಲ್ಲಿ ಕೊಳವೆಯೊಳಗೆ ಇಣುಕಿದ ಲಕ್ಷಣವಿಲ್ಲ.

ಲೈನಿಂಗ್ ಎಂದರೆ ಕಲಾಯಿಯೂ ಅಲ್ಲ, ಅಸ್ತರವೂ ಅಲ್ಲ. ಮೊದಲು ಒತ್ತಡದ ನೀರಿನಿಂದ ಕೊಳವೆಯನ್ನು ತೊಳೆದು, ಒಳಗಿನ ಬೇರುಗಳನ್ನು ಕತ್ತರಿಸಿ, ಕ್ಯಾಮೆರಾ ಹಾಯಿಸುತ್ತಾರೆ. ಆಮೇಲೆ ರಾಳದಲ್ಲಿ ತೊಯ್ಸಿದ ಉದ್ದನೆಯ ಫೆಲ್ಟ್ ಚೀಲವನ್ನು ಗಾಳಿಯ ಅಥವಾ ನೀರಿನ ಒತ್ತಡದಿಂದ, ಕಾಲುಚೀಲದ ಒಳಮಗ್ಗುಲನ್ನು ಹೊರಗೆ ಮಾಡುವ ಹಾಗೆ, ಕೊಳವೆಯ ಉದ್ದಕ್ಕೂ ತಿರುವುತ್ತ ಹೋಗುತ್ತಾರೆ. ರಾಳ ಹೀರಿದ ಮೈ ಹಳೆಯ ಕೊಳವೆಯ ಗೋಡೆಗೆ ಒತ್ತಿಕೊಳ್ಳುತ್ತದೆ. ಬಿಸಿನೀರು, ಹಬೆ ಅಥವಾ ಅತಿನೇರಳೆ ಬೆಳಕು ಕೊಟ್ಟಾಗ ರಾಳ ಗಟ್ಟಿಯಾಗಿ, ಕೆಲವೇ ಮಿಲಿಮೀಟರ್ ದಪ್ಪದ ಹೊಸ ಕೊಳವೆ ಒಳಗೆ ನಿಲ್ಲುತ್ತದೆ. ಅದಕ್ಕೆ ನಡುವೆ ಕೀಲಿಲ್ಲ, ಆದ್ದರಿಂದ ಬೇರಿಗೆ ದಾರಿಯಿಲ್ಲ. ಎರಿಕ್ ವುಡ್ ಎಂಬ ಎಂಜಿನಿಯರ್ 1971ರಲ್ಲಿ ಲಂಡನ್ನಿನ ಒಂದು ಹಳೆಯ ಚರಂಡಿಯಲ್ಲಿ ಇದನ್ನು ಮೊದಲು ಮಾಡಿ ತೋರಿಸಿದರು. ‘ಇದ್ದಲ್ಲೇ ರೂಪ’ ಎಂಬ ಅರ್ಥದ ಲ್ಯಾಟಿನ್ ಮಾತಿನಿಂದ ಅದಕ್ಕೆ ಹೆಸರಿಟ್ಟರು. ಕಲಾಯಿಯ ಬಲವೆಲ್ಲ ಅದರ ಕೆಳಗಿನ ಪಾತ್ರೆಯದು. ಈ ಚೀಲವನ್ನಾದರೋ, ಹೊರಗಿನ ಹಳೆಯ ಕೊಳವೆ ಮುಂದೆ ಪೂರ್ತಿ ಸವೆದರೂ ತಾನೇ ಮಣ್ಣಿನ ಭಾರ ಹೊರುವಷ್ಟು ದಪ್ಪ ಮಾಡಬಹುದು. ಹಾಗಾಗಿ ‘ಒಳಕೊಳವೆ’ ಎನ್ನಿ.

ಇದು ಬರೀ ಪದದ ಹಟವಲ್ಲ. ಕೊಳವೆಯ ಒಳಗೋಡೆಗೆ ಎಪಾಕ್ಸಿ ಎಂಬ ರಾಳವನ್ನು ಬ್ರಷ್‌ನಿಂದ ಬಳಿಯುವ ಬೇರೆಯೇ ಕೆಲಸವಿದೆ. ಅದು ಲೇಪ, ಅದಕ್ಕೆ ಬೇಕಾದರೆ ಕಲಾಯಿ ಎನ್ನಿ. ಎರಡಕ್ಕೂ ಒಂದೇ ಪದವಿದ್ದರೆ ಲೇಪ ಬಳಿದು ಒಳಕೊಳವೆಯ ದರ ಕೇಳಿದವನನ್ನು ನಿಮ್ಮ ಓದುಗರು ಹಿಡಿಯುವುದು ಹೇಗೆ?

ಬರ್ಸ್ಟಿಂಗ್‌ನಲ್ಲಿ ಸಿಡಿತವೇನೂ ಇಲ್ಲ. ಕೊಳವೆಯ ಎರಡು ತುದಿಗೆ ಒಂದೊಂದು ಗುಂಡಿ ತೋಡಿ, ಹಳೆಯ ಕೊಳವೆಗಿಂತ ಅಗಲವಾದ ಶಂಕುವಿನಾಕಾರದ ಉಕ್ಕಿನ ತಲೆಯನ್ನು ಹಗ್ಗದಲ್ಲಿ ಎಳೆಯುತ್ತಾರೆ. ಅದು ಹಳೆಯದನ್ನು ಒಡೆದು ಚೂರುಗಳನ್ನು ಸುತ್ತಲಿನ ಮಣ್ಣಿಗೆ ತಳ್ಳುತ್ತದೆ. ಹಿಂದೆಯೇ, ಕಾಯಿಸಿ ಬೆಸೆದ ಎಚ್‌ಡಿಪಿಇ ಎಂಬ ಗಟ್ಟಿ ಪ್ಲಾಸ್ಟಿಕ್ ಕೊಳವೆ ಬಂದು ಆ ಜಾಗದಲ್ಲಿ ಕೂರುತ್ತದೆ. ನಾಲ್ಕು ಇಂಚಿನ ಜಾಗದಲ್ಲಿ ಆರು ಇಂಚಿನದನ್ನು ಕೂರಿಸುವ ಅನುಕೂಲ ಈ ಎರಡರಲ್ಲಿ ಇದಕ್ಕೆ ಮಾತ್ರ ಇದೆ. ಆದರೆ ಚೂರುಗಳು ಪಕ್ಕಕ್ಕೆ ಒತ್ತುವುದರಿಂದ ಕೈಯಳತೆಯಲ್ಲಿ ಕುಡಿಯುವ ನೀರಿನ ಅಥವಾ ಗ್ಯಾಸ್ ಕೊಳವೆ ಇದ್ದರೆ ಅಪಾಯ. ‘ಒಡೆಯೆಳೆತ’ ಕೇಳಿದರೆ ಒಡೆಯರ ಎಳೆತವೋ ಎಂದು ಅನುಮಾನ ಬರುತ್ತದೆ. ‘ಒಡೆದು ಎಳೆಯುವುದು’ ಎಂದು ಬಿಡಿಸಿ ಬರೆಯಿರಿ.

ಈಗ ‘ಅಗೆಯದ’. ಇದು ಸುಳ್ಳು. ಒಡೆದು ಎಳೆಯಲು ಎರಡು ಗುಂಡಿ ಬೇಕೇ ಬೇಕು. ಒಳಕೊಳವೆಗೂ, ಕೊಳವೆಯನ್ನು ತೆರೆದು ನೋಡುವ ಚೇಂಬರ್ ಇಲ್ಲದ ಮನೆಯಲ್ಲಿ ಒಂದು ಗುಂಡಿ ತೋಡಬೇಕಾಗುತ್ತದೆ. ‘ಅಗೆಯದ ಬಗೆ’ ಎಂದು ಓದಿ ಒಪ್ಪಿದ ಮನೆಯೊಡತಿ ಮರುದಿನ ಗೇಟಿನ ಬಳಿ ಗುಂಡಿ ಕಂಡು ಜಗಳಕ್ಕೆ ನಿಂತರೆ ತಪ್ಪು ಯಾರದು? ‘ಕಡಿಮೆ ಅಗೆತದ ವಿಧಾನಗಳು’ ಎನ್ನಿ.

ಕೊನೆಯದಾಗಿ, ನಿಮ್ಮ ಮೂಲದಲ್ಲಿ ಇದೆಯೋ ಇಲ್ಲವೋ, ಇಷ್ಟನ್ನು ಸೇರಿಸಿ. ಒಳಕೊಳವೆ ಹಳೆಯ ಕೊಳವೆಯ ದಾರಿಯನ್ನೇ ಹಿಡಿಯುತ್ತದೆ. ಹಳೆಯದು ನಡುವೆ ಕುಸಿದು ಹೊಟ್ಟೆ ಬಿಟ್ಟಿದ್ದರೆ ಹೊಸದೂ ಅಲ್ಲೇ ಹೊಟ್ಟೆ ಬಿಡುತ್ತದೆ, ನೀರು ನಿಲ್ಲುತ್ತದೆ. ಒಡೆದು ಎಳೆದರೂ ಆ ತಗ್ಗು ಪೂರ್ತಿ ಹೋಗುತ್ತದೆಂಬ ಭರವಸೆಯಿಲ್ಲ. ನಾಲ್ಕು ಇಂಚಿನ ಕೊಳವೆಗೆ 40 ಅಡಿ ಉದ್ದಕ್ಕೆ 1 ಅಡಿ, ಆರು ಇಂಚಿನದಕ್ಕೆ 60 ಅಡಿಗೆ 1 ಅಡಿ ಇಳಿಜಾರು ಎಂಬ ಹಳೆಯ ಲೆಕ್ಕವಿದೆ. ಇಳಿಜಾರೇ ಕೆಟ್ಟಿದ್ದರೆ ಅಗೆದು ಹೊಸದಾಗಿ ಹಾಕುವುದೇ ದಾರಿ. ಎರಡು ಅಡಿ ಆಳದಲ್ಲಿ, ಬರೀ ಮಣ್ಣಿನ ಕೆಳಗೆ ಇದ್ದರೂ ಅಗೆತವೇ ಸರಿ, ದುಬಾರಿ ರಾಳಕ್ಕೆ ಹಣ ಸುರಿಯಬೇಡಿ. ಗ್ರಾನೈಟ್ ನೆಲ, ಕಾಂಕ್ರೀಟ್ ಅಂಗಳ, ದೊಡ್ಡ ಮರ ಅಥವಾ ಡಾಂಬರು ರಸ್ತೆಯ ಕೆಳಗೆ ಹೋಗಿದ್ದರೆ ಉಳಿದೆರಡನ್ನು ಯೋಚಿಸಿ. ಯಾವುದಕ್ಕೂ ಮೊದಲು ಕ್ಯಾಮೆರಾ ಹಾಯಿಸಿದ ವಿಡಿಯೊ ಕೇಳಿ. ಅದನ್ನು ತೋರಿಸದೆ ವಿಧಾನ ಹೇಳುವವನನ್ನು ನಂಬಬೇಡಿ.

ಶಿವಮೊಗ್ಗದ ನಿವೃತ್ತ ಅಧ್ಯಾಪಕರು:

ಎಂಜಿನಿಯರ್ ಸಾಹೇಬರ ‘ಒಳಕೊಳವೆ’ ಒಪ್ಪಿದೆ. ಎರಡೂ ಕನ್ನಡ, ಸಮಾಸ ಶುದ್ಧ. ‘ಒಡೆದು ಎಳೆಯುವುದು’ ಪದವಲ್ಲ, ವಾಕ್ಯದ ತುಂಡು. ಹೀಗೆ ಎಲ್ಲವನ್ನೂ ಬಿಡಿಸಿ ಬರೆಯುತ್ತ ಹೋದರೆ ಕನ್ನಡಕ್ಕೆ ಪರಿಭಾಷೆ ಹುಟ್ಟುವುದು ಯಾವಾಗ?

ಕಲಾಯಿ ಅರಬ್ಬಿಯಿರಬಹುದು. ನಮ್ಮ ತಾಯಂದಿರು ಬಳಸಿ ಬಳಸಿ ಕನ್ನಡವಾಯಿತು.

ಅಂದ ಹಾಗೆ, ಮೂಲ ಪ್ರಶ್ನೆಯಲ್ಲಿ ‘ಆಳುಗುಂಡಿ’ ಎಂದಿದೆ. ಅದು ‘ಆಳಗುಂಡಿ’ ಆಗಬೇಕು. ಆಳವಾದ ಗುಂಡಿ. ಮ್ಯಾನ್ ಎಂಬುದನ್ನು ಆಳು ಎಂದು ಕುರುಡಾಗಿ ತಂದದ್ದು ಕಚೇರಿಗಳ ಅನುವಾದಕರು.

ಧಾರವಾಡದ ಪತ್ರಕರ್ತ:

ಬಳಸಿ ಬಳಸಿ ಕಲಾಯಿ ಕನ್ನಡವಾಯಿತು ಎಂದಾದರೆ ದುರಸ್ತಿಗೂ ಅದೇ ನ್ಯಾಯ ಸಿಗಬೇಕು. ಗಟಾರಕ್ಕೂ ಸಿಗಬೇಕು. ತಾಯಂದಿರ ಅಡುಗೆಮನೆಗೆ ಬಂದದ್ದು ಕನ್ನಡ, ಗೌಂಡಿಗಳ ಬಾಯಿಗೆ ಬಂದದ್ದು ಪರಭಾಷೆ ಎಂಬ ಭೇದವನ್ನು ನಾನು ಒಪ್ಪುವುದಿಲ್ಲ.

ಮಂಗಳೂರಿನ ವಕೀಲೆ:

ಆಳುಗುಂಡಿಯ ಬಗ್ಗೆ ಒಂದು ಮಾತು. ‘ಆಳ’ದ ವ್ಯುತ್ಪತ್ತಿ ಹಿತವಾಗಿ ಕೇಳುತ್ತದೆ, ಆದರೆ ಮರೆಮಾಚುವ ವ್ಯುತ್ಪತ್ತಿ ಅದು. ಆಳನ್ನು ಇಳಿಸುತ್ತಿದ್ದ ಗುಂಡಿಯಾದ್ದರಿಂದಲೇ ಆಳುಗುಂಡಿ. ಸುರಕ್ಷಾ ಸಾಧನವಿಲ್ಲದೆ ಮನುಷ್ಯರನ್ನು ಒಳಚರಂಡಿಗೆ ಇಳಿಸುವುದನ್ನು ಮಲಹೊರುವ ಪದ್ಧತಿಯ ವಿರುದ್ಧದ 2013ರ ಕಾಯ್ದೆ ನಿಷೇಧಿಸಿದೆ. ಹೀಗೆ ಇಳಿದು ಸತ್ತವರ ಕುಟುಂಬಕ್ಕೆ ಹತ್ತು ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿತು, 2023ರಲ್ಲಿ ಅದನ್ನು ಮೂವತ್ತು ಲಕ್ಷಕ್ಕೆ ಏರಿಸಿತು. 2023ರ ಕೇಂದ್ರ ಬಜೆಟ್ಟಿನಲ್ಲಿ ಮ್ಯಾನ್‌ಹೋಲ್ ಹೋಗಿ ಮಷೀನ್‌ಹೋಲ್ ಬರಬೇಕು ಎಂಬ ಮಾತು ಬಂತು. ಹೆಸರಿನಿಂದ ಆಳನ್ನು ಅಳಿಸಿದ ಮಾತ್ರಕ್ಕೆ ಗುಂಡಿಯಿಂದ ಆಳು ಮೇಲೆ ಬರುವುದಿಲ್ಲ. ಪದ ಇದ್ದಂತೆಯೇ ಇರಲಿ. ಕರಪತ್ರದಲ್ಲಿ ಮಾತ್ರ, ಕಟ್ಟಿಕೊಂಡರೆ ಯಾರನ್ನೂ ಗುಂಡಿಗೆ ಇಳಿಸಬೇಡಿ, ಯಂತ್ರದ ವಾಹನ ಕರೆಸಿ ಎಂದು ದಪ್ಪಕ್ಷರದಲ್ಲಿ ಹಾಕಿ. ಯಾವ ಪದಕ್ಕಿಂತಲೂ ಅದು ಮುಖ್ಯ.

ಶಿವಮೊಗ್ಗದ ನಿವೃತ್ತ ಅಧ್ಯಾಪಕರು:

ಆ ಸಾಲು ಬರಲೇಬೇಕು, ಎರಡು ಮಾತಿಲ್ಲ. ವ್ಯುತ್ಪತ್ತಿಯ ವಿಷಯದಲ್ಲಿ ನನ್ನ ನಿಲುವು ಬದಲಾಗಿಲ್ಲ.

ಬೆಂಗಳೂರಿನ ಒಬ್ಬ ತಂತ್ರಾಂಶ ಅನುವಾದಕ:

ಇಷ್ಟೆಲ್ಲ ಯಾಕೆ? ಗುತ್ತಿಗೆದಾರ ಟ್ರೆಂಚ್‌ಲೆಸ್ ಎನ್ನುತ್ತಾನೆ, ಪ್ಲಂಬರ್ ಒಳಚರಂಡಿಗೆ ಯುಜಿಡಿ ಲೈನ್ ಎನ್ನುತ್ತಾನೆ. ಹಾಗೆಯೇ ಬರೆಯಿರಿ. ಅವರ ಬಾಯಲ್ಲಿ ಇಲ್ಲದ ಪದವನ್ನು ಓದಿ ಮನೆಯವರಿಗೆ ಏನು ಲಾಭ?

ಮೈಸೂರಿನ ನಿವೃತ್ತ ಎಂಜಿನಿಯರ್:

ಅರ್ಧ ಸರಿ. ಗುತ್ತಿಗೆದಾರ ಆಡುವ ಪದವೂ ಇರಲಿ, ಅದರ ಎದುರಿಗೆ ಕೆಲಸವನ್ನು ಹೇಳುವ ಕನ್ನಡವೂ ಇರಲಿ. ಟ್ರೆಂಚ್‌ಲೆಸ್ ಎಂಬ ಪದವೊಂದನ್ನೇ ಓದಿದವರಿಗೆ ಹಳೆಯ ಕೊಳವೆ ಉಳಿಯುತ್ತದೋ ಒಡೆಯುತ್ತದೋ ಗೊತ್ತಾಗುವುದಿಲ್ಲ.

ಬೆಂಗಳೂರಿನ ಅನುವಾದಕಿ:

ಎಲ್ಲರಿಗೂ ವಂದನೆಗಳು. ಕರಪತ್ರಕ್ಕೆ ಹೀಗೆ ಬರೆದಿದ್ದೇನೆ:

“ಅಗೆದು ಬದಲಿಸುವುದು: ಹಳೆಯ ಕೊಳವೆಯನ್ನು ತೆಗೆದು, ಇಳಿಜಾರು ಸರಿಮಾಡಿ ಹೊಸದನ್ನು ಹಾಕುತ್ತಾರೆ. ಒಳಕೊಳವೆ ಹಾಕುವುದು, ಗುತ್ತಿಗೆದಾರರ ಮಾತಿನಲ್ಲಿ ಲೈನಿಂಗ್: ಹಳೆಯ ಕೊಳವೆ ಇದ್ದಲ್ಲೇ ಇರುತ್ತದೆ, ಅದರೊಳಗೆ ಹೊಸ ಕೊಳವೆ ಗಟ್ಟಿಯಾಗುತ್ತದೆ. ರಾಳ ಗಟ್ಟಿಯಾಗುವವರೆಗೆ ಮನೆಯಲ್ಲಿ ನೀರು ಬಿಡಬಾರದು. ಒಡೆದು ಎಳೆಯುವುದು, ಅವರ ಮಾತಿನಲ್ಲಿ ಬರ್ಸ್ಟಿಂಗ್: ಹಳೆಯದು ನೆಲದೊಳಗೇ ಒಡೆಯುತ್ತದೆ, ಹೊಸದು ಅದರ ಜಾಗಕ್ಕೆ ಬರುತ್ತದೆ. ಎರಡು ಗುಂಡಿ ತೋಡುತ್ತಾರೆ. ಕೊನೆಯ ಎರಡು ಕಡಿಮೆ ಅಗೆತದ ವಿಧಾನಗಳು.”

ವಿಡಿಯೊ ಕೇಳುವ ಮಾತು ಮತ್ತು ಆಳುಗುಂಡಿಯ ಎಚ್ಚರಿಕೆ ಮೊದಲ ಪುಟದಲ್ಲೇ ಬರುತ್ತವೆ. ‘ದುರಸ್ತಿ’ಯನ್ನು ಉಳಿಸಿಕೊಂಡಿದ್ದೇನೆ. ‘ಗಟಾರ’ಕ್ಕೆ ನಮ್ಮ ಬಡಾವಣೆಯಲ್ಲಿ ಬಳಕೆಯಿಲ್ಲದ್ದರಿಂದ ಸೇರಿಸಿಲ್ಲ, ಧಾರವಾಡದವರು ಮನ್ನಿಸಬೇಕು. ಇನ್ನೊಂದೇ ಸಂದೇಹ: ಕಾಂಪೌಂಡಿನ ಒಳಗೆ, ಕೊಳವೆಯನ್ನು ತೆರೆದು ನೋಡಲು ಇರುವ ಚಿಕ್ಕ ಚೌಕ ತೊಟ್ಟಿಗೆ ‘ತಪಾಸಣಾ ಕೋಷ್ಠ’ ಎಂದು ಬರೆದಿದ್ದೇನೆ. ಸರಿಯೇ?

ಮೈಸೂರಿನ ನಿವೃತ್ತ ಎಂಜಿನಿಯರ್:

ಬೇಡ. ಚೇಂಬರ್ ಎಂದು ಬರೆಯಿರಿ. ಮನೆ ಕಟ್ಟಿಸಿದವರಿಗೆಲ್ಲ ಗೊತ್ತು.

ಶಿವಮೊಗ್ಗದ ನಿವೃತ್ತ ಅಧ್ಯಾಪಕರು:

‘ಇಣುಕುತೊಟ್ಟಿ’.