‘ಹಾಡಿ’ ಎಂದರೆ ನಿಮ್ಮ ಕಡೆ ಯಾವ ಜಾಗ?

ಬಲ್ಲವರಲ್ಲಿ ಒಂದು ಪ್ರಶ್ನೆ. ಲೇಔಟ್‌ಗಾಗಿ ಗುಡ್ಡ ಸಮತಟ್ಟು ಮಾಡುವಾಗ ಊರಿನದೇ ಗಿಡಮರಗಳ ನೆಲೆಯನ್ನು ಇಂತಿಷ್ಟಾದರೂ ಉಳಿಸಬೇಕೆಂದು ಗ್ರಾಮ ಪಂಚಾಯಿತಿಯೊಂದು ನಿಯಮ ಬರೆಯುವುದಾದರೆ, ಆ ನೆಲೆಗೆ ಯಾವ ಹೆಸರಿಡಬೇಕು?

ಕಡತದ ಭಾಷೆಯಲ್ಲಿ ‘ಆವಾಸಸ್ಥಾನ’ ಇದೆ. 2002ರ ಜೀವವೈವಿಧ್ಯ ಕಾಯ್ದೆಯ 41ನೇ ಕಲಮಿನಂತೆ ಪ್ರತಿ ಸ್ಥಳೀಯ ಸಂಸ್ಥೆಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಆವಾಸಗಳ ರಕ್ಷಣೆಯೂ ಅದರ ಹೊಣೆ. ಆದರೆ ಗ್ರಾಮಸಭೆಯಲ್ಲಿ ‘ಆವಾಸಸ್ಥಾನ’ ಎಂದರೆ ಯಾರ ಕಣ್ಣಿಗೂ ಒಂದು ಜಾಗ ಕಟ್ಟುವುದಿಲ್ಲ. ಇನ್ನು ‘ಮರ’ ಎಂದು ಬರೆದರೆ ಲೆಕ್ಕ ಅಲ್ಲಿಗೇ ನಿಂತುಬಿಡುತ್ತದೆ. 1976ರ ವೃಕ್ಷ ಸಂರಕ್ಷಣಾ ಕಾಯ್ದೆಯಲ್ಲಿ ಮರ ಕಡಿಯಲು ವೃಕ್ಷ ಅಧಿಕಾರಿಯ ಅನುಮತಿ ಬೇಕು, ಸರಿ. ಮರದ ಬುಡದ ಪೊದೆ, ಬಳ್ಳಿ, ಹುಲ್ಲು, ಮೇಲ್ಮಣ್ಣು ಇವನ್ನು ಕೇಳುವವರು ಯಾರು? ಜೆಸಿಬಿ ಮೊದಲು ಕೆರೆಯುವುದು ಅದನ್ನೇ.

ಕುಂದಾಪುರದ ಕಡೆ ‘ಹಾಡಿ’ ಎಂದರೆ ಈ ಎಲ್ಲವೂ ಒಟ್ಟಿಗೆ ಬರುತ್ತದೆ: ಮನೆ ಗದ್ದೆಗಳ ಹಿಂದಿನ ಕುರುಚಲು ಕಾಡು, ಕೇಪಳ, ಕವಳಿ, ಕುಂಟುನೇರಳೆಯಂಥ ಗಿಡಗಳು, ಸೊಪ್ಪು ತರಗೆಲೆ ತರುವ ಜಾಗ. 1964ರ ಭೂಕಂದಾಯ ಕಾಯ್ದೆಯ 79ನೇ ಕಲಮಿನಲ್ಲೂ ಈ ಪದವಿದೆ. ಉತ್ತರ ಕನ್ನಡದ ಬೆಟ್ಟ ಮತ್ತು ಹಾಡಿ, ದಕ್ಷಿಣ ಕನ್ನಡದ ಕುಮ್ಕಿ, ಹಳೇ ಮೈಸೂರಿನ ಕಾನು (ದಟ್ಟ ಕಾಡು) ಮತ್ತು ಸೊಪ್ಪಿನಬೆಟ್ಟ, ಕೊಡಗಿನ ಬಾಣೆ, ಹೀಗೆ ರೈತರು ಬಳಸುವ ಇಂಥ ನೆಲಗಳ ಹೆಸರುಗಳೆಲ್ಲ ಅಲ್ಲಿ ಸಾಲಾಗಿ ಬರುತ್ತವೆ. ಆದರೆ ಅಲ್ಲಿನ ಮಾತು ರೈತರ ಅನುಭೋಗದ ಹಕ್ಕಿನದು, ಗಿಡಗಳದ್ದಲ್ಲ. ಅದೇ ಪದಕ್ಕೆ ನೆಲೆಯ ಅರ್ಥವನ್ನೂ ಹೊರಿಸಿದರೆ ಕಂದಾಯದವರು ಗೊಂದಲಕ್ಕೆ ಬೀಳುತ್ತಾರೆಯೇ ಎಂಬುದು ನನ್ನ ಮೊದಲ ಅನುಮಾನ.

ಎರಡನೆಯದು, ಎಚ್.ಡಿ. ಕೋಟೆ, ಕೊಡಗಿನ ಕಡೆ ‘ಹಾಡಿ’ ಎಂದರೆ ಜೇನುಕುರುಬರು, ಯರವರು ಎಂಬ ಬುಡಕಟ್ಟು ಜನರ ವಸತಿ. ಒಂದೇ ರಾಜ್ಯದ ನಿಯಮದಲ್ಲಿ ಒಂದು ಕಡೆ ಪೊದೆಕಾಡು, ಇನ್ನೊಂದು ಕಡೆ ಜನರ ಮನೆಗಳು ಎಂದಾದರೆ ಅಪಾಯವೇ. ಹಾಗಾಗಿ ರಾಜ್ಯಕ್ಕೆಲ್ಲ ಒಂದೇ ಪದ ಹುಡುಕುವುದನ್ನು ಬಿಟ್ಟು, ಆಯಾ ಪಂಚಾಯಿತಿ ತನ್ನ ಊರಿನ ಹೆಸರನ್ನೇ ಬರೆದು ಪಕ್ಕದಲ್ಲಿ ವಿವರಣೆ ಕೊಡುವುದು ಮೇಲು ಎಂದು ನನಗನಿಸುತ್ತದೆ. ಚಿಕ್ಕಮಗಳೂರು ಜಿಲ್ಲೆಯ ಹೊಗರೆಕಾನು ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಣೆಯಾದಾಗ ‘ಕಾನು’ ಎಂಬ ಊರಮಾತು ಸರ್ಕಾರಿ ಆದೇಶದೊಳಗೆ ಹಾಗೇ ಉಳಿಯಿತಲ್ಲ!

ಹೆಚ್ಚು ಕಾಡುತ್ತಿರುವುದು ಮಂಗಳೂರು ಸುತ್ತಲಿನ ‘ಪದವು’. ಮುರಕಲ್ಲಿನ (ಜಂಬಿಟ್ಟಿಗೆಯ) ಬಯಲು. ಬೇಸಿಗೆಯಲ್ಲಿ ಬೋಳು, ಮಳೆ ಬಿದ್ದರೆ ಪುಟ್ಟ ಪುಟ್ಟ ಹೂಗಿಡಗಳು, ಕೀಟ ಹಿಡಿಯುವ ಸಸ್ಯಗಳು ಸಹ. ನಿವೇಶನ ಮಾಡುವವರ ಕಣ್ಣಿಗೆ ಅದು ಬರಿ ಬಂಜರು. ಬಂಜರು, ಖರಾಬು, ಪಾಳು ಎಂಬ ಮಾತುಗಳನ್ನು ಇಂಥ ನೆಲಕ್ಕೆ ಬಳಸುವುದು ತಪ್ಪು ಎಂದೇ ನನ್ನ ವಾದ.

ಹಾಗಾದರೆ ತಿಳಿಸಿ: ದೊಡ್ಡ ಮರವೇ ಇಲ್ಲದ ಪೊದೆಜಾಗವನ್ನೂ ನಿಮ್ಮೂರಲ್ಲಿ ಹಾಡಿ ಎನ್ನುತ್ತಾರೆಯೇ? ಗದ್ದೆಯಾಗದ ಒಣನೆಲವಾದ ಹಕ್ಕಲಿಗೂ ಹಾಡಿಗೂ ಗಡಿ ಎಲ್ಲಿ? ಪದವಿನಂಥ ಬಯಲಿಗೆ ಘಟ್ಟದ ಮೇಲಿನ ಕನ್ನಡದಲ್ಲಿ ಏನು ಹೆಸರು? ಊರು, ತಾಲ್ಲೂಕು ಸಹಿತ ಬರೆದರೆ ಉಪಕಾರ.