ಊರಿಗೆ ಸೈಕಲ್ ಪಥ, ಬಸ್ ಸುಧಾರಣೆ: ಪಾಲಿಕೆಗೆ ಏನೆಂದು ಬರೆಯೋಣ?

ಪ್ರಶ್ನೆ

ನಮ್ಮ ಮಹಾನಗರ ಪಾಲಿಕೆ ಮುಂದಿನ ಸಾಮಾನ್ಯ ಸಭೆಯಲ್ಲಿ ಎರಡು ವಿಷಯ ಚರ್ಚೆಗೆ ತರುತ್ತಿದೆ: ಎರಡು ಮುಖ್ಯ ರಸ್ತೆಗಳಲ್ಲಿ ಸೈಕಲ್ ಪಥ, ಜೊತೆಗೆ ನಗರ ಸಾರಿಗೆ ಬಸ್ಸುಗಳ ಸುಧಾರಣೆ. ಒಂದು ರಸ್ತೆ 18 ಮೀಟರ್ ಅಗಲ, ಇನ್ನೊಂದು 24 ಮೀಟರ್. ಸಾರ್ವಜನಿಕರಿಂದ ಲಿಖಿತ ಸಲಹೆ ಕೇಳಿದ್ದಾರೆ. ‘ಸೈಕಲ್ ಪಥ ಬೇಕು’ ಅಂತ ಒಂದು ಸಾಲು ಬರೆದರೆ ಕಡತದಲ್ಲಿ ಹೂತುಹೋಗುತ್ತದೆ. ಬೇರೆ ಊರುಗಳಲ್ಲಿ ಯಾವುದು ನಿಂತಿತು, ಯಾವುದು ಕೆಟ್ಟಿತು, ಯಾಕೆ ಕೆಟ್ಟಿತು? ಬಲ್ಲವರು ಅಳತೆ ಸಮೇತ ಹೇಳಿದರೆ ಉಪಕಾರವಾಗುತ್ತದೆ.

ಬೆಂಗಳೂರಿನಿಂದ

ಮೊದಲು ಆ ಎರಡು ರಸ್ತೆಗಳ ಅಡ್ಡಕೊಯ್ತದ ನಕ್ಷೆಯನ್ನು, ಅಂದರೆ ರಸ್ತೆಯ ಅಗಲದಲ್ಲಿ ಯಾವುದಕ್ಕೆ ಎಷ್ಟು ಜಾಗ ಎಂದು ತೋರಿಸುವ ಚಿತ್ರವನ್ನು, ನೀವೇ ಬರೆದು ಕಳಿಸಿ. ‘ಜಾಗವಿಲ್ಲ’ ಎಂಬ ಮಾತು ಸಭೆಯಲ್ಲಿ ಬಂದೇ ಬರುತ್ತದೆ, ಅದಕ್ಕೆ ಲೆಕ್ಕವೇ ಉತ್ತರ.

18 ಮೀಟರ್ ರಸ್ತೆ: ಪ್ರತಿ ಬದಿಗೆ ಪಾದಚಾರಿ ಮಾರ್ಗ 1.8, ಸೈಕಲ್ ಪಥ 2.0, ನಡುವೆ ರಕ್ಷಣಾ ಪಟ್ಟಿ 0.5. ಒಂದು ಬದಿಗೆ 4.3 ಆಯಿತು, ಎರಡೂ ಸೇರಿ 8.6. ಉಳಿದ 9.4ರಲ್ಲಿ 3.5 ಮೀಟರಿನ ಎರಡು ಲೇನ್, ಮಿಕ್ಕ 2.4 ಮೀಟರಿನಲ್ಲಿ ಒಂದು ಬದಿಗೆ ಮಾತ್ರ ಪಾರ್ಕಿಂಗ್, ಮರ, ಆಟೋ ನಿಲ್ದಾಣ. ಎರಡೂ ಬದಿ ಪಾರ್ಕಿಂಗ್ ಬೇಕೆಂದು ಪಟ್ಟು ಹಿಡಿದರೆ ಲೆಕ್ಕ ಕೂಡುವುದಿಲ್ಲ. ಆ ತೀರ್ಮಾನವನ್ನು ಕೌನ್ಸಿಲ್ ಕಣ್ಣು ತೆರೆದೇ ಮಾಡಲಿ.

24 ಮೀಟರ್ ರಸ್ತೆ: ಪಾದಚಾರಿ ಮಾರ್ಗವನ್ನು 2.0ಗೆ ಏರಿಸಿದರೆ ಎರಡೂ ಬದಿಗೆ 9 ಮೀಟರ್ ಹೋಗುತ್ತದೆ. ಉಳಿದ 15ರಲ್ಲಿ ನಾಲ್ಕು ಲೇನ್‌ಗೆ 14, ಮೀಡಿಯನ್‌ಗೆ (ರಸ್ತೆ ನಡುವಿನ ವಿಭಜಕಕ್ಕೆ) 1. ಇಲ್ಲಿ ಪಾರ್ಕಿಂಗ್‌ಗೆ ಜಾಗವೇ ಇಲ್ಲ. ಸೈಕಲ್ ಮತ್ತು ಪಾದಚಾರಿಗಳು ದಾಟುವ ಕಡೆ ಮೀಡಿಯನ್ 2 ಮೀಟರ್ ಇರಬೇಕು, ಏಕೆಂದರೆ ಒಂದು ಸೈಕಲ್ಲೇ ಸುಮಾರು 1.8 ಮೀಟರ್ ಉದ್ದ. ಅಲ್ಲಿ ಲೇನ್‌ಗಳನ್ನು 3.25ಕ್ಕೆ ಇಳಿಸಿದರೆ ಆ ಒಂದು ಮೀಟರ್ ಸಿಗುತ್ತದೆ.

12 ಮೀಟರಿಗಿಂತ ಕಿರಿದಾದ ಅಡ್ಡರಸ್ತೆಗಳಲ್ಲಿ ಪಥ ಬೇಡ. 30 ಕಿ.ಮೀ. ವೇಗದ ಮಿತಿ, ಒಳ್ಳೆಯ ಹಂಪ್, ಬೇಕಾದರೆ ಮೋಟಾರು ವಾಹನಗಳಿಗೆ ಏಕಮುಖ. ಅಷ್ಟು ಸಾಕು.

ಇನ್ನು ನಮ್ಮ ದೇಶದ ದೊಡ್ಡ ತೊಡಕು ದ್ವಿಚಕ್ರ ವಾಹನ. ಪಥದ ಬಾಯಿಗೆ ಬೊಲಾರ್ಡ್ ಕಂಬ ನೆಟ್ಟರೆ ಕಾರು, ಆಟೋ ನಿಲ್ಲುತ್ತವೆ. ಆದರೆ ಸೈಕಲ್ ಹೋಗುವ ಸಂದಿಯಲ್ಲಿ ಸ್ಕೂಟರ್ ಕೂಡ ಹೋಗುತ್ತದೆ. ಸ್ಕೂಟರ್ ತಡೆಯಲೆಂದು ಸಂದಿ ಕಿರಿದು ಮಾಡಿದರೆ ಅಂಗವಿಕಲರ ತ್ರಿಚಕ್ರ, ತಳ್ಳುಗಾಡಿ, ಹಾಲಿನ ಕ್ಯಾನ್ ಕಟ್ಟಿದ ಸೈಕಲ್ ಹೊರಗೆ ಉಳಿಯುತ್ತವೆ. ಆದ್ದರಿಂದ ಕಂಬಗಳ ನಡುವೆ 1.2 ಮೀಟರ್ ಬಿಡಿ. ಅದಕ್ಕಿಂತ ಕಡಿಮೆ ಬೇಡ. ಸ್ಕೂಟರ್ ಸಮಸ್ಯೆಗೆ ಮದ್ದು ಬೇರೆ ಕಡೆ ಇದೆ: ಪಥವನ್ನು ರಸ್ತೆಗಿಂತ 10 ಸೆಂ.ಮೀ. ಎತ್ತರಿಸಿ, ರಸ್ತೆಯಿಂದ ಹತ್ತುವ ಇಳಿಜಾರನ್ನು ಅಡ್ಡರಸ್ತೆ ಇರುವಲ್ಲಿ ಮಾತ್ರ ಕೊಡಿ. ದಟ್ಟಣೆಯ ವೇಳೆ ಸ್ಕೂಟರ್ ನುಗ್ಗುವುದು ಸಿಗ್ನಲ್‌ಗೆ ಮುಂಚಿನ ಕೊನೆಯ 50–60 ಮೀಟರಿನಲ್ಲಿ. ಸಂಚಾರ ಪೊಲೀಸರ ಕ್ಯಾಮೆರಾ ಅಲ್ಲಿಗೆ ಬೇಕು.

ಜಯನಗರದ ಹಳೆಯ ಸೈಕಲ್ ಪಥಗಳು ಪಾರ್ಕಿಂಗ್ ಜಾಗವಾದದ್ದು, ಹೊರ ವರ್ತುಲ ರಸ್ತೆಯಲ್ಲಿ 2019ರಲ್ಲಿ ಬಂದ ಬಸ್ ಆದ್ಯತಾ ಪಥ ಮತ್ತು 2020ರ ಸೈಕಲ್ ಪಥ ಮೆಟ್ರೋ ಕಾಮಗಾರಿ ಬಂದಾಗ ಉಳಿಯದೆ ಹೋದದ್ದು, ಎರಡಕ್ಕೂ ಬೇರೆ ಬೇರೆ ಕಾರಣ. ಮೊದಲನೆಯದರಲ್ಲಿ ಪಾರ್ಕಿಂಗ್ ನಿಯಮ ಇಲ್ಲದೆ ಪಥ ಮಾತ್ರ ಬಂತು. ಎರಡನೆಯದರಲ್ಲಿ ಕಾಮಗಾರಿ ಅವಧಿಗೆ ಬದಲಿ ಏನು ಎಂಬ ಷರತ್ತು ಇರಲಿಲ್ಲ. ನಿಮ್ಮ ಪತ್ರದಲ್ಲಿ ಎರಡನ್ನೂ ಬರೆಯಿರಿ.

ಮಂಗಳೂರಿನಿಂದ

ಮಳೆ ಬಗ್ಗೆ ಯಾರೂ ಕೇಳಲಿಲ್ಲ. ರಸ್ತೆಯ ನೀರು ಹರಿದು ಬಂದು ನಿಲ್ಲುವುದು ಎಡ ಅಂಚಿನಲ್ಲಿ, ಸೈಕಲ್ ಪಥಕ್ಕೆ ಗೆರೆ ಹಾಕುವುದೂ ಅಲ್ಲೇ. ಬಣ್ಣ ಬಳಿದ ಪಥ ಜೂನ್‌ನಿಂದ ಸೆಪ್ಟೆಂಬರ್ ತನಕ ಹೊಂಡವಾಗಿರುತ್ತದೆ. ಎತ್ತರಿಸಿದ ಪಥಕ್ಕೆ 2 ಶೇಕಡಾ ಅಡ್ಡ ಇಳಿಜಾರು ಕೊಟ್ಟು, ನೀರು ಹೋಗಲು ರಕ್ಷಣಾ ಪಟ್ಟಿಯಲ್ಲಿ ಕಂಡಿ ಬಿಡಬೇಕು.

ಚರಂಡಿ ಜಾಲರಿಯ ಸರಳುಗಳು ಸೈಕಲ್ ಹೋಗುವ ದಿಕ್ಕಿಗೆ ಅಡ್ಡವಾಗಿರಬೇಕು, ಸಂದಿ 20 ಮಿ.ಮೀ. ಮೀರಬಾರದು. ಉದ್ದುದ್ದ ಸರಳು ಹಾಕಿದರೆ ಟೈರ್ ಒಳಗಿಳಿದು ಸವಾರ ಹ್ಯಾಂಡಲ್ ಮೇಲಿಂದ ಹಾರಿ ಬೀಳುತ್ತಾನೆ. ಮ್ಯಾನ್‌ಹೋಲ್ ಮುಚ್ಚಳ ಪಥದ ಮಟ್ಟಕ್ಕೇ ಇರಬೇಕು. ಗುತ್ತಿಗೆದಾರರು ಡಾಂಬರು ಮೇಲೆ ಡಾಂಬರು ಹಾಕಿ ಮುಚ್ಚಳವನ್ನು ಗುಂಡಿಯಲ್ಲಿ ಬಿಡುವುದು ಎಲ್ಲ ಊರಿನ ರೋಗ.

ಮೇಲ್ಮೈಗೆ ಇಂಟರ್‌ಲಾಕ್ ಕಲ್ಲು ಬೇಡವೆಂದೇ ಹೇಳಿ. ನೀರಿನ ಪೈಪಿಗೆ, ಕೇಬಲ್ಲಿಗೆ ಅಗೆದು ಮತ್ತೆ ಜೋಡಿಸಿದ ಜಾಗ ಒಂದೇ ಮಳೆಗಾಲದಲ್ಲಿ ಕುಸಿಯುತ್ತದೆ. ಕಲ್ಲುಗಳ ನಡುವಿನ ಸಂದಿಯಿಂದ ಸವಾರನ ಕೈಗೆ ಸದಾ ನಡುಕ. ಯಂತ್ರದಲ್ಲಿ ಹಾಸಿದ ಡಾಂಬರು ಅಥವಾ ಕಾಂಕ್ರೀಟ್ ಇರಲಿ. ಇಡೀ ಪಥಕ್ಕೆ ಹಸಿರು ಬಣ್ಣ ಬಳಿಯುವುದು ದುಡ್ಡಿನ ದಂಡ, ಒದ್ದೆಯಾದರೆ ಜಾರುತ್ತದೆ. ಅಡ್ಡರಸ್ತೆ ದಾಟುವಲ್ಲಿ ಮಾತ್ರ ಮರಳು ಬೆರೆಸಿದ ಬಣ್ಣ ಸಾಕು.

ಬಸ್ ವಿಚಾರದಲ್ಲಿ ಒಂದು ಮಾತು: ನಿಮ್ಮ ಊರಿನ ನಗರ ಬಸ್ ಯಾರದ್ದು ಎಂದು ಮೊದಲು ನೋಡಿ. ನಮ್ಮಲ್ಲಿ ಸಿಟಿ ಬಸ್ ಹೆಚ್ಚಿನದು ಖಾಸಗಿ, ಪರ್ಮಿಟ್ ಮತ್ತು ಸಮಯಪಟ್ಟಿ ಪ್ರಾದೇಶಿಕ ಸಾರಿಗೆ ಪ್ರಾಧಿಕಾರದ ಕೈಯಲ್ಲಿ. ಅಂಥ ಕಡೆ ಪಾಲಿಕೆಗೆ ‘ಬಸ್ ಹೆಚ್ಚಿಸಿ’ ಎಂದು ಬರೆದರೆ ಅದು ಅವರ ಅಧಿಕಾರದಲ್ಲಿಲ್ಲ. ಪಾಲಿಕೆಯ ಕೈಯಲ್ಲಿರುವುದು ತಂಗುದಾಣ, ರಸ್ತೆ, ದೀಪ, ದಾಟುವ ಜಾಗ.

ಹುಬ್ಬಳ್ಳಿಯಿಂದ

ಚಿಗರಿ ಬಸ್ ನೋಡಿ ಕಲಿಯೋದು ಭಾಳ ಅದ. ಹುಬ್ಬಳ್ಳಿ–ಧಾರವಾಡ ನಡುವೆ ಸುಮಾರು 22 ಕಿ.ಮೀ. ಬಿಆರ್‌ಟಿಎಸ್ (ತ್ವರಿತ ಬಸ್ ಸಾರಿಗೆ), 2018ರ ಅಕ್ಟೋಬರದಾಗ ಓಡಾಟ ಶುರು. ಬಸ್ಸಿಗೆ ರಸ್ತೆ ನಡುವೆ ಪ್ರತ್ಯೇಕ ದಾರಿ, ನಿಲ್ದಾಣದಾಗ ಹಿಂದಿನ ಬಸ್ ಮುಂದೆ ಹೋಗಲಿಕ್ಕೆ ಇನ್ನೊಂದು ಲೇನ್. ಈ ಎರಡನೇ ಲೇನ್ ಇರೋದಕ್ಕೇ ತಡೆರಹಿತ ಬಸ್ ಓಡಿಸಲಿಕ್ಕೆ ಆಗ್ತದ. ಅದು ಒಳ್ಳೇ ವಿನ್ಯಾಸ.

ಜನರ ಸಿಟ್ಟು ಎಲ್ಲಿ ಅಂದ್ರ, ಉಳಿದ ವಾಹನಗಳಿಗೆ ಬಿಟ್ಟ ಜಾಗ ಸಣ್ಣದಾತು, ಜಂಕ್ಷನ್ನಿನ್ಯಾಗ ಕಾಯೋದು ಹೆಚ್ಚಾತು. ನಡು ರಸ್ತೆ ನಿಲ್ದಾಣಕ್ಕ ಹೋಗಬೇಕಂದ್ರ ಪ್ರಯಾಣಿಕ ಅರ್ಧ ರಸ್ತೆ ದಾಟಬೇಕು. ಅಲ್ಲಿ ಸಿಗ್ನಲ್ 40 ಸೆಕೆಂಡಿಗಿಂತ ಹೆಚ್ಚು ಕಾಯಿಸಿದ್ರ ಮಂದಿ ಕಾಯೂದಿಲ್ಲ, ನುಗ್ತಾರ. ದೆಹಲಿಯ ಅಂಬೇಡ್ಕರ್ ನಗರ–ಮೂಲಚಂದ್ ನಡುವಿನ 5.8 ಕಿ.ಮೀ. ಬಿಆರ್‌ಟಿ 2008ರಾಗ ಬಂತು, 2016ರ ಹೊತ್ತಿಗೆ ಕಿತ್ತುಹಾಕಿದ್ರು. ಅಲ್ಲೂ ಉದ್ದುದ್ದ ಸಿಗ್ನಲ್ ಸರದಿ, ಕಾರಿನವರ ಸಿಟ್ಟು ಎರಡೂ ಕೂಡಿ ಬಿದ್ವು.

ನಿಮ್ಮ 24 ಮೀಟರ್ ರಸ್ತೆದಾಗ ತಾಸಿಗೆ 20ಕ್ಕಿಂತ ಕಡಿಮೆ ಬಸ್ ಓಡ್ತಿದ್ರ ಉದ್ದಕ್ಕೂ ಬಸ್ ಪಥ ಕೇಳಬ್ಯಾಡ್ರಿ. ಖಾಲಿ ಪಥ ನೋಡಿ ಕಾರಿನವರು ಮೊದಲ ವಾರಕ್ಕೇ ವಿರೋಧ ಶುರು ಮಾಡ್ತಾರ. ಅದರ ಬದಲಿ ಸಿಗ್ನಲ್ಲಿನ ಹಿಂದ 60ರಿಂದ 100 ಮೀಟರ್ ಬಸ್ಸಿಗೆ ಬೇರೆ ಲೇನ್ ಕೊಟ್ಟು, ಹಸಿರು ದೀಪ 5 ಸೆಕೆಂಡ್ ಮೊದಲು ಬರೋಹಂಗ ಮಾಡ್ರಿ. ಖರ್ಚು ಕಡಿಮೆ, ಬಸ್ ತಡ ಆಗೋದು ಹೆಚ್ಚಾಗಿ ಅಲ್ಲೇ.

ಮೈಸೂರಿನಿಂದ

ಬಸ್ ಸುಧಾರಣೆ ಅಂದರೆ ಹೊಸ ಬಸ್ ಖರೀದಿ ಅಂತ ಸದಸ್ಯರು ಅರ್ಥ ಮಾಡಿಕೊಳ್ಳುತ್ತಾರೆ. ಈ ಲೆಕ್ಕವನ್ನು ಅವರ ಮುಂದಿಡಿ.

9 ಕಿ.ಮೀ. ಮಾರ್ಗ, ಸರಾಸರಿ ವೇಗ ಗಂಟೆಗೆ 15 ಕಿ.ಮೀ. ಹೋಗಲು 36 ನಿಮಿಷ, ಬರಲು 36, ಎರಡು ತುದಿಯಲ್ಲಿ ನಾಲ್ಕು ನಾಲ್ಕು ನಿಮಿಷ ಬಿಡುವು. ಒಟ್ಟು 80 ನಿಮಿಷ. ಹತ್ತು ನಿಮಿಷಕ್ಕೊಂದು ಬಸ್ ಬೇಕೆಂದರೆ 8 ಬಸ್. ಅದೇ ವೇಗ 20ಕ್ಕೆ ಏರಿದರೆ ಹೋಗಿಬರಲು 54 ನಿಮಿಷ, ಬಿಡುವು ತಲಾ ಮೂರು ನಿಮಿಷಕ್ಕೆ ಇಳಿಸಿದರೆ 60. ಈಗ 6 ಬಸ್ಸಿನಲ್ಲೇ ಹತ್ತು ನಿಮಿಷಕ್ಕೊಂದು ಸಿಗುತ್ತದೆ. ಎಂಟನ್ನೂ ಓಡಿಸಿದರೆ ಏಳೂವರೆ ನಿಮಿಷಕ್ಕೊಂದು. ಬಸ್ಸಿನ ಸಂಖ್ಯೆ, ಚಾಲಕರ ಸಂಬಳ ಬೆಳೆಯದೆ ಸೇವೆ ಬೆಳೆಯುವುದು ಹೀಗೆ.

ವೇಗ ಎಲ್ಲಿಂದ ಬರುತ್ತದೆ? 300 ಮೀಟರಿಗೊಂದು ನಿಲ್ದಾಣವಾದರೆ 9 ಕಿ.ಮೀ.ಗೆ ಸುಮಾರು 30. 450 ಮೀಟರಿಗೊಂದಾದರೆ 20. ಒಂದು ನಿಲುಗಡೆಗೆ ವೇಗ ತಗ್ಗಿಸಿ, ನಿಂತು, ಮತ್ತೆ ಏರಿಸಲು ಅರ್ಧ ನಿಮಿಷ ಹಿಡಿದರೂ ಒಂದು ದಿಕ್ಕಿಗೆ 5 ನಿಮಿಷ ಉಳಿಯಿತು. ಆಸ್ಪತ್ರೆ, ಶಾಲೆ, ಸಂತೆ ಮುಂದಿನ ನಿಲ್ದಾಣ ಮುಟ್ಟಬೇಡಿ.

ರಸ್ತೆಯಿಂದ ಒಳಗೆ ಕೊರೆದ ಬಸ್ ಬೇ ಬೇಡ. ಬಸ್ ಒಳಗೆ ಹೋದ ಮೇಲೆ ಹೊರಬರಲು ಯಾರೂ ದಾರಿ ಬಿಡುವುದಿಲ್ಲ, ಆ ಜಾಗ ಆಟೋಗಳಿಗೆ ಮೀಸಲಾಗುತ್ತದೆ. ಲೇನ್‌ನಲ್ಲೇ ನಿಲ್ಲುವ ನೇರ ಅಂಚಿನ ನಿಲ್ದಾಣ ಕೇಳಿ, ಅದೂ ಜಂಕ್ಷನ್ ದಾಟಿದ ಮೇಲೆ. ಸೈಕಲ್ ಪಥ ತಂಗುದಾಣದ ಹಿಂದಿನಿಂದ ಹೋಗಬೇಕು, ಆ ಭಾಗದಲ್ಲಿ 1.5 ಮೀಟರ್ ಇದ್ದರೂ ನಡೆಯುತ್ತದೆ. ಇಳಿದವರು ದಾಟುವಲ್ಲಿ ಪಥವನ್ನು ಪಾದಚಾರಿ ಮಟ್ಟಕ್ಕೆ ಏರಿಸಿ. ಆಗ ಸವಾರ ತಾನೇ ನಿಧಾನಿಸುತ್ತಾನೆ. ತಂಗುದಾಣದ ಜಾಹೀರಾತು ಫಲಕ ರಸ್ತೆ ನೋಡಿ ಕೂತವರ ಬಲಗಡೆ ಬಂದರೆ ಬರುವ ಬಸ್ ಕಾಣುವುದೇ ಇಲ್ಲ. ಎಡಗಡೆ ಇರಲಿ ಎಂದು ಗುತ್ತಿಗೆ ಪತ್ರದಲ್ಲೇ ಬರೆಸಿ.

2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದ ಮೇಲೆ ಬಸ್ಸಿನ ಹೊರೆ ಹೆಚ್ಚಿದೆ. ಬೆಳಗ್ಗೆ 8ರಿಂದ 10 ಒಂದೊಂದು ನಿಲ್ದಾಣದಲ್ಲಿ ಹತ್ತಲಾಗದೆ ಉಳಿದವರೆಷ್ಟು ಎಂದು ಎಣಿಸಿ ಕೊಡಿ. ಸಾರಿಗೆ ನಿಗಮದ ವಿಭಾಗೀಯ ನಿಯಂತ್ರಣಾಧಿಕಾರಿಗೆ ಬೇಕಾದದ್ದು ಆ ಸಂಖ್ಯೆ.

ಬಾಡಿಗೆ ಸೈಕಲ್ ಮಾತು ಬಂದರೆ ಎಚ್ಚರ. ಮೈಸೂರಿನ ಟ್ರಿಣ್ ಟ್ರಿಣ್ 2017ರಲ್ಲಿ 48 ನಿಲ್ದಾಣ, 450 ಸೈಕಲ್‌ಗಳೊಡನೆ ಶುರುವಾಯಿತು. ಸೈಕಲ್ ಕೊಳ್ಳುವುದು ಸುಲಭದ ಭಾಗ. ಚೈನ್, ಬ್ರೇಕ್, ಟೈರ್ ರಿಪೇರಿ, ತುಂಬಿದ ನಿಲ್ದಾಣದಿಂದ ಖಾಲಿ ನಿಲ್ದಾಣಕ್ಕೆ ಸಾಗಿಸುವ ವಾಹನ, ಇವುಗಳಿಗೆ ಪ್ರತಿ ತಿಂಗಳೂ ದುಡ್ಡು ಬೇಕು. ಐದು ವರ್ಷದ ನಿರ್ವಹಣಾ ವೆಚ್ಚ ಇಲ್ಲದ ಪ್ರಸ್ತಾವವನ್ನು ನಾನಂತೂ ಬೆಂಬಲಿಸುವುದಿಲ್ಲ.

ಪ್ರಶ್ನೆ ಕೇಳಿದವರು ಮತ್ತೆ

ಇಷ್ಟು ವಿವರಕ್ಕೆ ಧನ್ಯವಾದ. ಇನ್ನೆರಡು ಸಂದೇಹ. ಅಂಗಡಿಯವರು ‘ಪಾರ್ಕಿಂಗ್ ಹೋದರೆ ವ್ಯಾಪಾರ ಹೋಯಿತು’ ಎನ್ನುತ್ತಿದ್ದಾರೆ. ಕೆಲವು ಸದಸ್ಯರು ‘ಸೈಕಲ್ ಹೊಡೆಯುವವರೇ ಇಲ್ಲ’ ಎನ್ನುತ್ತಾರೆ. ಹೇಗೆ ಎದುರಿಸುವುದು?

ತುಮಕೂರಿನಿಂದ

ಎರಡಕ್ಕೂ ಎಣಿಕೆಯೇ ಉತ್ತರ, ಆದರೆ ಎಣಿಸುವ ಹೊತ್ತು ಸರಿ ಇರಬೇಕು. ಬೆಳಗ್ಗೆ 11ಕ್ಕೆ ನಿಂತರೆ ಸೈಕಲ್ ಕಾಣುವುದಿಲ್ಲ. 5:30ರಿಂದ 9, ಸಂಜೆ 4ರಿಂದ 8 ಎಣಿಸಿ. ಹಾಲು, ಪೇಪರ್ ಹಾಕುವವರು, ಗಾರೆ ಕೆಲಸದವರು, ಪಾಳಿಗೆ ಹೋಗುವ ಸೆಕ್ಯುರಿಟಿಯವರು, ಶಾಲೆ ಮಕ್ಕಳು ಆಗ ಸಿಗುತ್ತಾರೆ. ಹುಡುಗ, ಹುಡುಗಿ, ದೊಡ್ಡವರು ಎಂದು ಬೇರೆ ಬೇರೆ ಗುರುತಿಸಿ. ಈ ಜನ ಸಲಹಾ ಪತ್ರ ಬರೆಯುವುದಿಲ್ಲ, ಸಭೆಗೆ ಬರುವುದಿಲ್ಲ. ಅವರ ಪರವಾಗಿ ಇರುವುದು ನಿಮ್ಮ ಹಾಳೆಯೊಂದೇ.

ಪಾರ್ಕಿಂಗ್‌ಗೆ: 200 ಮೀಟರ್ ಉದ್ದ ಆರಿಸಿ, ಬೆಳಗ್ಗೆ 9ರಿಂದ ರಾತ್ರಿ 9ರ ತನಕ ಅರ್ಧ ಗಂಟೆಗೊಮ್ಮೆ ನಿಂತ ಪ್ರತಿ ವಾಹನದ ನಂಬರಿನ ಕೊನೆಯ ನಾಲ್ಕು ಅಂಕೆ ಬರೆಯಿರಿ. ಒಂದು ವಾರದ ದಿನ, ಒಂದು ಭಾನುವಾರ. ಬೆಳಗ್ಗೆ ಬಂದು ಸಂಜೆ ತನಕ ಅಲುಗಾಡದ ಗಾಡಿಗಳು ಎಷ್ಟು ಜಾಗ ಹಿಡಿದಿವೆ ಎಂದು ಗೊತ್ತಾಗುತ್ತದೆ. ಅವು ಗಿರಾಕಿಗಳದ್ದಲ್ಲ, ಬಹುಪಾಲು ಅಂಗಡಿಯವರದು, ಕೆಲಸದವರದು. ಈ ಹಾಳೆಯನ್ನು ಸಭೆಗೆ ಮುಂಚೆ ವರ್ತಕರ ಸಂಘಕ್ಕೇ ಮೊದಲು ತೋರಿಸಿ, ಸಭೆಯಲ್ಲಿ ಮುಖಭಂಗ ಮಾಡಬೇಡಿ. ಸರಕು ಇಳಿಸಲು ಬೆಳಗ್ಗೆ 6ರಿಂದ 10 ಸಮಯ, ಉಳಿದ ಪಾರ್ಕಿಂಗ್‌ಗೆ ಗಂಟೆ ಲೆಕ್ಕದ ಶುಲ್ಕ, ಈ ಎರಡನ್ನು ನೀವಾಗಿ ಮುಂದಿಟ್ಟರೆ ವಿರೋಧ ಅರ್ಧ ಕರಗುತ್ತದೆ.

ಬೀದಿ ವ್ಯಾಪಾರಿಗಳನ್ನು ಮರೆಯಬೇಡಿ. 2014ರ ಕಾಯ್ದೆ ಪ್ರಕಾರ ಸಮೀಕ್ಷೆ ಮಾಡಿ, ಪಟ್ಟಣ ವ್ಯಾಪಾರ ಸಮಿತಿಯ ಮುಂದೆ ತಂದೇ ಅವರ ಜಾಗ ತೀರ್ಮಾನಿಸಬೇಕು. 18 ಮೀಟರ್ ರಸ್ತೆಯಲ್ಲಿ ಮಿಕ್ಕ ಆ 2.4 ಮೀಟರ್ ಪಟ್ಟಿಯಲ್ಲಿ ಅವರಿಗೂ ಗುರುತು ಹಾಕಿ. ಜಾಗ ಕೊಡದಿದ್ದರೆ ಗಾಡಿ ಸೈಕಲ್ ಪಥಕ್ಕೇ ಬರುತ್ತದೆ, ತಪ್ಪು ಅವರದ್ದಲ್ಲ.

ಬೆಂಗಳೂರಿನಿಂದ ಮತ್ತೆ

ಪತ್ರ ಯಾರಿಗೆ ಎಂಬುದೂ ಮುಖ್ಯ. ಆಯುಕ್ತರಿಗೊಂದು, ಪಟ್ಟಣ ಯೋಜನೆ ಮತ್ತು ಸುಧಾರಣಾ ಸ್ಥಾಯಿ ಸಮಿತಿಯ ಅಧ್ಯಕ್ಷರಿಗೊಂದು, ನಿಮ್ಮ ವಾರ್ಡ್ ಸದಸ್ಯರಿಗೊಂದು. ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ರಸ್ತೆ ಪಾಲಿಕೆಯದೋ ಲೋಕೋಪಯೋಗಿ ಇಲಾಖೆಯದೋ ಹೆದ್ದಾರಿ ಪ್ರಾಧಿಕಾರದ್ದೋ ಎಂದು ಖಚಿತ ಮಾಡಿಕೊಳ್ಳಿ. ಬೇರೆಯವರದ್ದಾದರೆ ಕೌನ್ಸಿಲ್ ನಿರ್ಣಯದ ಜೊತೆ ಅವರ ಒಪ್ಪಿಗೆಯೂ ಬೇಕು.

ನಿರ್ಣಯದಲ್ಲಿ ಅಧಿಸೂಚನೆಯ ಮಾತು ಇರಲೇಬೇಕು. ವಾಹನ ನಿರ್ಬಂಧ, ಫಲಕ, ನಿಲುಗಡೆ ಜಾಗಗಳಿಗೆ ಮೋಟಾರು ವಾಹನ ಕಾಯ್ದೆಯ 115, 116, 117ನೇ ಕಲಂಗಳಿವೆ. ಅಧಿಸೂಚನೆ, ಫಲಕ ಎರಡೂ ಇಲ್ಲದ ಕಡೆ ಹಾಕಿದ ದಂಡ ಪ್ರಶ್ನಿಸಿದರೆ ನಿಲ್ಲುವುದು ಕಷ್ಟ.

ಟೆಂಡರ್ ಪ್ರಕಟವಾಗುವ ಮುಂಚೆ ಅಂದಾಜು ಪಟ್ಟಿ ಕೇಳಿ ನೋಡಿ. ನಕ್ಷೆಯಲ್ಲಿ ಎಲ್ಲ ಚೆಂದ ಇರುತ್ತದೆ. ಪಟ್ಟಿಯಲ್ಲಿ ಅಡ್ಡ ಸರಳಿನ ಜಾಲರಿ, ಕಂಬ, ಫಲಕ, ಅಡ್ಡರಸ್ತೆಯ ಎತ್ತರಿಸಿದ ದಾಟುಪಟ್ಟಿ, ಬೀದಿದೀಪ, ಬಸ್ ನಿಲ್ದಾಣದ ಬಳಿ ಸೈಕಲ್ ನಿಲ್ಲಿಸುವ ತಲೆಕೆಳಗಾದ ‘ಯು’ ಆಕಾರದ ಪೈಪುಗಳು ಬೇರೆ ಬೇರೆ ಸಾಲಿನಲ್ಲಿ, ಸಂಖ್ಯೆ ಸಮೇತ ಇವೆಯೇ? ಪೈಪುಗಳ ನಡುವೆ ಒಂದು ಮೀಟರ್ ಅಂತರ ಇರಲಿ. ಮುಂಚಕ್ರ ಮಾತ್ರ ಸಿಕ್ಕಿಸುವ ಗ್ರಿಲ್ ಬೇಡ, ಅದು ರಿಮ್ ಬಾಗಿಸುತ್ತದೆ, ಬೀಗ ಹಾಕಲೂ ಬರುವುದಿಲ್ಲ. ಪಟ್ಟಿಯಲ್ಲಿ ಇಲ್ಲದ್ದನ್ನು ಗುತ್ತಿಗೆದಾರ ಹಾಕುವುದಿಲ್ಲ, ಆಮೇಲೆ ಹೆಚ್ಚುವರಿ ಎಂದು ಕೇಳಿದರೆ ಕಡತ ತಿಂಗಳುಗಟ್ಟಲೆ ಓಡಾಡುತ್ತದೆ.

ಎರಡೂ ರಸ್ತೆ ಒಟ್ಟಿಗೆ ಬೇಡ ಎಂದು ಸಭೆ ಹಿಂಜರಿದರೆ 24 ಮೀಟರಿನದ್ದನ್ನು ಮೊದಲು ಕೇಳಿ, ಒಂದು ಜಂಕ್ಷನ್ನಿನಿಂದ ಮುಂದಿನ ಜಂಕ್ಷನ್ ತನಕ ಪೂರ್ತಿ. ಎರಡೂ ತುದಿಯ ಜಂಕ್ಷನ್ ಸೇರಿರಬೇಕು. ನಡುವಿನ 500 ಮೀಟರ್ ಮಾತ್ರ ಮಾಡಿ ಜಂಕ್ಷನ್ ಬಿಟ್ಟರೆ ಮಕ್ಕಳನ್ನು ಯಾರೂ ಆ ಪಥಕ್ಕೆ ಕಳಿಸುವುದಿಲ್ಲ. ಕಾಮಗಾರಿಗೆ ಮುಂಚೆ ನೀರು, ಒಳಚರಂಡಿ, ವಿದ್ಯುತ್, ದೂರಸಂಪರ್ಕದವರ ಕೊಳವೆಗಳು ಮುಗಿದಿರಬೇಕು. ನಮ್ಮ ಬೆಂಗಳೂರಿನಲ್ಲಿ ‘ಟೆಂಡರ್ ಶ್ಯೂರ್’ ಯೋಜನೆಯಡಿ ಹೊಸದಾಗಿ ಕಟ್ಟಿದ ರಸ್ತೆಗಳಲ್ಲಿ ಪಾದಚಾರಿ ಮಾರ್ಗದಡಿ ಇವಕ್ಕೆಲ್ಲ ಮೊದಲೇ ದಾರಿ ಮಾಡಿದ್ದು ಇದೇ ಕಾರಣಕ್ಕೆ. ರಸ್ತೆ ಅಗೆಯಲು ಅನುಮತಿ ಕೊಟ್ಟರೆ ಎಷ್ಟು ದಿನದಲ್ಲಿ, ಯಾವ ಮೇಲ್ಮೈಗೆ ಮರಳಿಸಬೇಕು, ಅಷ್ಟರ ತನಕ ಸೈಕಲ್ ಎಲ್ಲಿ ಹೋಗಬೇಕು ಎಂಬ ಷರತ್ತನ್ನು ಅದೇ ನಿರ್ಣಯದಲ್ಲಿ ಸೇರಿಸಲು ಕೇಳಿ.